ಬ್ರೇಕ್ ದೀಪದ ರಿಪೇರಿ: ಗೋಕುಲ ರಸ್ತೆಯ ಒಂದು ಎಲೆಕ್ಟ್ರಿಷಿಯನ್ ಅಂಗಡಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಹನಗಳ ವಿದ್ಯುತ್ ಕೆಲಸವನ್ನಷ್ಟೇ ಮಾಡುವ ಈ ಪುಟ್ಟ ಅಂಗಡಿಗೆ ಹೇಳಿಕೊಳ್ಳುವಂಥ ಫಲಕವಿಲ್ಲ, ಗ್ರಾಹಕರಿಗೆ ಕುಳಿತುಕೊಳ್ಳಲು ಸರಿಯಾದ ಕುರ್ಚಿಯೂ ಇಲ್ಲ. ಆದರೆ ದೋಷ ಎಲ್ಲಿದೆಯೆಂಬುದು ಖಚಿತವಾಗುವವರೆಗೆ ಒಂದು ಬಿಡಿಭಾಗವನ್ನೂ ಮಾರದ ಪದ್ಧತಿ ಅಲ್ಲಿದೆ. ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಮೂರೂ ಬ್ರೇಕ್ ದೀಪಗಳು ಒಮ್ಮೆಲೇ ಕೈಕೊಟ್ಟಿದ್ದವು. ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ಹಿಂದಿನ ವಾಹನ ಬಂಪರಿಗೇ ಅಂಟಿಕೊಂಡಂತೆ ಬಂದು ನಿಲ್ಲುವುದನ್ನು ಕಂಡವರು ಇಂಥ ರಿಪೇರಿಯನ್ನು ನಾಳೆಗೆ ಮುಂದೂಡಲಾರರು. ಮೊದಲು ತೋರಿಸಿದ ಗ್ಯಾರೇಜಿನವರು ಏನನ್ನೂ ಬಿಚ್ಚಿ ನೋಡದೆ, ಹಿಂದಿನ ಎರಡೂ ಟೇಲ್ ಲ್ಯಾಂಪ್‌ಗಳನ್ನು ಬದಲಿಸಬೇಕೆಂದು ಹೇಳಿ ಕಳಿಸಿದ್ದರು.

ಇಲ್ಲಿನ ಮಿಸ್ತ್ರಿ ಮೊದಲು ಕೇಳಿದ್ದು ಒಂದೇ ಮಾತು: ಹೋಗಿರುವುದು ಒಂದು ದೀಪವೋ, ಮೂರೂ ದೀಪಗಳೋ? ಒಂದೇ ಆಗಿದ್ದರೆ ಬಲ್ಬನ್ನೋ ಹೋಲ್ಡರನ್ನೋ ಅನುಮಾನಿಸಬೇಕು. ಮೂರೂ ಒಟ್ಟಿಗೆ ಆರಿದ್ದರೆ ಫ್ಯೂಸ್, ಪೆಡಲ್ ಬಳಿಯ ಸ್ವಿಚ್ ಅಥವಾ ಅಲ್ಲಿಂದ ಹಿಂದಕ್ಕೆ ಹೋಗುವ ವೈರಿನತ್ತ ಗಮನ ಕೊಡಬೇಕು. ಕೆಲವು ಕಾರುಗಳಲ್ಲಿ ಹಾರ್ನ್ ಮತ್ತು ಬ್ರೇಕ್ ದೀಪಗಳಿಗೆ ಒಂದೇ ಫ್ಯೂಸ್ ಇರುವುದರಿಂದ ಅವರು ಹಾರ್ನ್ ಒತ್ತಿ ನೋಡಿದರು. ಅದು ಕೂಗಿದರೂ ಅಷ್ಟಕ್ಕೇ ನಂಬದೆ, ಟೆಸ್ಟ್ ಲ್ಯಾಂಪಿನ ಮೊನೆಯನ್ನು ಫ್ಯೂಸಿನ ಎರಡೂ ತುದಿಗಳಿಗೆ ತಾಗಿಸಿ ಕರೆಂಟ್ ದಾಟುತ್ತಿರುವುದನ್ನು ಖಾತ್ರಿ ಮಾಡಿಕೊಂಡರು.

ನಂತರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬ್ರೇಕ್ ಸ್ವಿಚ್ಚಿನ ಕನೆಕ್ಟರ್ ಕಳಚಿ, ಅದರ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಜೋಡಿಸಿದರು. ತಕ್ಷಣ ಬಲಗಡೆಯ ದೀಪವೂ ಮೇಲಿನ ದೀಪವೂ ಹೊತ್ತಿಕೊಂಡವು. ಅಂದರೆ ಸ್ವಿಚ್ಚೇ ಸತ್ತಿತ್ತು. ಪೆಡಲ್ ಬಿಟ್ಟಿರುವಾಗ ಅದು ಸ್ವಿಚ್ಚಿನ ಪಿನ್ನನ್ನು ಒಳಕ್ಕೆ ಒತ್ತಿ ಸಂಪರ್ಕ ತಪ್ಪಿಸಿರುತ್ತದೆ. ಪೆಡಲ್ ಒತ್ತಿದಾಗ ಪಿನ್ನು ಹೊರಬಂದು ಸಂಪರ್ಕ ಕೂಡುತ್ತದೆ. ವರ್ಷಗಟ್ಟಲೆ ಹೀಗೆ ಕೂಡಿ ಬಿಡುವಾಗ ಒಳಗಿನ ತಾಮ್ರದ ತುದಿಗಳು ಸುಟ್ಟು ಸವೆಯುತ್ತವೆ. ಹಳೆಯ ಸ್ವಿಚ್ಚನ್ನು ಬಿಚ್ಚಿ ಆ ಕಪ್ಪು ಕಲೆಯನ್ನು ಅವರು ತೋರಿಸಿದರು.

ಎಡಗಡೆಯ ದೀಪ ಮಾತ್ರ ಆಗಲೂ ಹತ್ತಲಿಲ್ಲ. ಆ ಬಲ್ಬಿನಲ್ಲಿ 21 ವ್ಯಾಟಿನದೊಂದು, 5 ವ್ಯಾಟಿನದೊಂದು ಹೀಗೆ ಎರಡು ತಂತಿಗಳಿದ್ದು, ರಾತ್ರಿ ಉರಿಯುವ ಸಣ್ಣ ತಂತಿ ಚೆನ್ನಾಗಿದ್ದರೂ ಬ್ರೇಕಿಗೆ ಬೇಕಾದ ದೊಡ್ಡ ತಂತಿ ಕಡಿದಿತ್ತು. ಟೇಲ್ ಲೈಟ್ ಉರಿಯುತ್ತಿದೆ, ಆದ್ದರಿಂದ ಬಲ್ಬ್ ಸರಿಯಿದೆ ಎಂದುಕೊಳ್ಳುವವರು ಎಡವುವುದು ಇಲ್ಲಿಯೇ. ಹೋಲ್ಡರಿನಲ್ಲಿ ಹಸಿರುಗಟ್ಟಿದ್ದ ಕಿಲುಬನ್ನೂ ಮರಳುಕಾಗದದಿಂದ ಉಜ್ಜಿ ತೆಗೆದರು.

ಹೊಸ ಸ್ವಿಚ್ ಕೂರಿಸಿದ ಮೇಲೆ ಅಂತರ ಹೊಂದಿಸಲು ತೆಗೆದುಕೊಂಡ ತಾಳ್ಮೆ ನನಗೆ ತುಂಬಾ ಹಿಡಿಸಿತು. ಪಿನ್ನು ಪೂರ್ತಿ ಒತ್ತದಿದ್ದರೆ ದೀಪ ಸದಾ ಉರಿದು ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯಬಹುದು. ಅತಿಯಾಗಿ ಒತ್ತಿದರೆ ಬ್ರೇಕ್ ಹಿಡಿದ ಮೇಲೆ ತಡವಾಗಿ ಹತ್ತುತ್ತದೆ. ಪೆಡಲನ್ನು ಬೆರಳಿನಿಂದ ತುಸುವೇ ಅದುಮಿದರೂ ದೀಪ ಹತ್ತುವವರೆಗೆ ಅವರು ಬಿಡಲಿಲ್ಲ.

ಕೊರತೆಗಳೂ ಇವೆ. ಸ್ವಿಚ್, ಬಲ್ಬ್, ಕೂಲಿ ಸೇರಿ 700 ರೂಪಾಯಿಯೊಳಗೆ ಮುಗಿದರೂ ಕೇಳುವವರೆಗೆ ಬಿಲ್ ಕೊಡಲಿಲ್ಲ. ಕೊಟ್ಟ ಚೀಟಿಯಲ್ಲಿ ಸ್ವಿಚ್ಚಿನ ಕಂಪನಿಯ ಹೆಸರಾಗಲಿ ಗ್ಯಾರಂಟಿಯಾಗಲಿ ಇರಲಿಲ್ಲ. ಮೂಲ ಬಲ್ಬು ಸಾಕಾಗಿದ್ದ ಕಡೆ ಎಲ್‌ಇಡಿ ಹಾಕಿಸಿಕೊಳ್ಳಿ ಎಂದು ಸಹಾಯಕ ಹುಡುಗ ಒತ್ತಾಯಿಸಿದ್ದೂ ಅನಗತ್ಯವಾಗಿತ್ತು. ಕಾರು ನಿಲ್ಲಿಸಲು ರಸ್ತೆಯ ಅಂಚೇ ಗತಿ. ಮಧ್ಯಾಹ್ನದ ನಂತರ ಟೆಂಪೊ, ಲಾರಿಗಳ ಸರದಿ ಬೆಳೆಯುವುದರಿಂದ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಹೋಗುವುದು ಒಳ್ಳೆಯದು.