ಸ್ಟೇಜ್ ಬಿಟ್ಟ ಗಾಯಕರ ಸ್ಟುಡಿಯೋದಲ್ಲಿ ನಮ್ಮ ತುಳು ಹಾಡು

ಮಂಗಳೂರಿನ ಕೊಟ್ಟಾರದ ಒಳರಸ್ತೆಯಲ್ಲಿರುವ ಈ ಸ್ಟುಡಿಯೋಗೆ ಬೋರ್ಡ್ ಇಲ್ಲ. ಮನೆಯ ಮಹಡಿಯಲ್ಲಿ ಎರಡು ಕೋಣೆ, ಅಷ್ಟೇ. ನಡೆಸುವವರು ತಮ್ಮ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಒಂದು ಹಾಡು ಮುಗಿಯದೆ ಇನ್ನೊಂದನ್ನು ಹಿಡಿಯುವವರಲ್ಲ, ಬಾಯಿಮಾತಿನಲ್ಲಿ ಬರುವ ಕೆಲಸವೇ ಅವರಿಗೆ ಸಾಕು. ಆದರೆ ಈ ಕಡೆ ರಸಮಂಜರಿ ನೋಡುತ್ತ ಬೆಳೆದವರಿಗೆ ಮುಖ ನೋಡಿದ ಕೂಡಲೇ ಗುರುತು ಸಿಗುತ್ತದೆ. ಗಣೇಶೋತ್ಸವ, ಬ್ರಹ್ಮಕಲಶ, ಶಾಲೆಯ ವಾರ್ಷಿಕೋತ್ಸವ, ಎಲ್ಲೇ ಆಗಲಿ ಇವರು ಹಾಡುತ್ತಾರೆ ಎಂದರೆ ಮೈದಾನ ತುಂಬುತ್ತಿದ್ದ ಕಾಲ ಒಂದಿತ್ತು. ಈಗ ಮೈಕ್ ಹಿಡಿಯುವುದನ್ನು ಬಿಟ್ಟಿದ್ದಾರೆ. ಬೇರೆಯವರ ಹಾಡುಗಳನ್ನು ಪ್ರೊಡ್ಯೂಸ್ ಮಾಡುತ್ತಾರೆ, ಅಂದರೆ ವಾದ್ಯ ಕೂಡಿಸಿ, ಹಾಡಿಸಿ, ರೆಕಾರ್ಡ್ ಮಾಡಿ ಹಾಡನ್ನು ಪೂರ್ತಿ ಸಿದ್ಧಮಾಡಿ ಕೊಡುತ್ತಾರೆ.

ನಾವು ಹೋದದ್ದು ನನ್ನ ತಂಗಿಯ ಮಗಳ ಹಾಡಿಗೆ. ಅವಳು ಉಡುಪಿಯಲ್ಲಿ ಕಾಲೇಜು ಓದುತ್ತಿದ್ದಾಳೆ, ಸ್ಪರ್ಧೆಗಳಲ್ಲಿ ಹಾಡಿ ಬಹುಮಾನ ತರುವ ಹುಡುಗಿ. ಸಾಹಿತ್ಯ ನನ್ನದು, ರಾಗ ಹಾಕಿದ್ದು ಅವಳೇ. ಇದಕ್ಕೆ ಮೊದಲು ಬೇರೊಂದು ಕಡೆ ಮಾಡಿಸಿ ನೋಡಿದ್ದೆವು. ಅಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ಸಿದ್ಧ ಟ್ರ್ಯಾಕ್ ಮೇಲೆ ಹಾಡಿಸಿ, ಆಟೋಟ್ಯೂನ್ (ತಪ್ಪಿದ ಸ್ವರವನ್ನು ಸರಿಮಾಡುವ ಸಾಫ್ಟ್‌ವೇರ್) ಹಾಕಿ, ಸಂಜೆಯೊಳಗೆ ಫೈಲ್ ಕೊಟ್ಟರು. ಕೇಳಿದರೆ ಅದು ನಮ್ಮ ಹುಡುಗಿಯ ಧ್ವನಿ ಎಂದೇ ಅನಿಸಲಿಲ್ಲ. ಅವಳು ಬೇಜಾರಾಗಿ ಆ ಹಾಡನ್ನು ಯಾರಿಗೂ ಕೇಳಿಸಲೇ ಇಲ್ಲ.

ಇಲ್ಲಿ ಮೊದಲ ದಿನ ರೆಕಾರ್ಡಿಂಗ್ ಮಾಡಲೇ ಇಲ್ಲ. ಚಾ ಕೊಟ್ಟರು, ಅವಳ ಹತ್ತಿರ ಸುಮ್ನೆ ಮಾತಾಡಿದರು. ಕಾಲೇಜು ಹೇಗುಂಟು, ಯಾರ ಹಾಡು ಇಷ್ಟ, ಮನೆಯಲ್ಲಿ ಪಾತ್ರೆ ತೊಳೆಯುವಾಗ ಯಾವುದನ್ನು ಗುನುಗುತ್ತಿ ಅಂತ. ನನಗೆ ಒಳಗೊಳಗೇ ಅವಸರ. ಅವರು ಕೇಳುತ್ತಿದ್ದದ್ದು ಅವಳು ಮಾತಾಡುವ ಶ್ರುತಿಯನ್ನು ಎಂದು ನನಗೆ ಆಮೇಲೆ ತಿಳಿಯಿತು. "ಟೀಚರ್, ಇವಳು ಐದು ಮನೆ ಶ್ರುತಿಯಲ್ಲಿ ಹಾಡುವುದು ಜಡ್ಜ್‌ಗಳಿಗಾಗಿ. ಇವಳ ಗಂಟಲು ಇರುವುದು ನಾಲ್ಕರಲ್ಲಿ" ಎಂದರು. ಶ್ರುತಿ ಇಳಿಸಿದರು. ಪಲ್ಲವಿಯ ಕೊನೆಯಲ್ಲಿ ಅವಳು ಹಾಕುತ್ತಿದ್ದ ಗಮಕಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಸಿದರು. ಅವಳ ಮುಖ ಸಣ್ಣದಾಯಿತು. "ಮಗಾ, ಸ್ಟೇಜಿನಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಅಲ್ಲಿ ಕೊನೆಯ ಸಾಲಿನವನಿಗೆ ಮುಟ್ಟಿಸಬೇಕು. ಇಲ್ಲಿ ಕೇಳುವವನು ನಿನ್ನಿಂದ ಒಂದು ಗೇಣು ದೂರದಲ್ಲಿ, ಇಯರ್‌ಫೋನ್ ಹಾಕಿಕೊಂಡಿದ್ದಾನೆ" ಎಂದರು. ವರ್ಷಗಟ್ಟಲೆ ಸ್ಟೇಜಿನಲ್ಲಿ ನಿಂತವರು ಮಾತ್ರ ಹೇಳಬಹುದಾದ ಮಾತು ಇದು. ನಾವು ಕೊಟ್ಟ ದುಡ್ಡಿಗೆ ಸಿಕ್ಕಿದ ದೊಡ್ಡ ವಸ್ತು ಈ ಕಿವಿ ಎಂದೇ ನಾನು ತಿಳಿದಿದ್ದೇನೆ.

ಸಲಕರಣೆ ಬಗ್ಗೆ ಕೇಳುವವರಿಗೆ: ರೋಡ್ ಎನ್‌ಟಿ1 ಮೈಕ್, ಯಮಾಹಾ ಎಚ್‌ಎಸ್8 ಸ್ಪೀಕರ್‌ಗಳು, ಲಾಜಿಕ್ ಪ್ರೊ ಸಾಫ್ಟ್‌ವೇರ್. ಭಾರೀ ದುಬಾರಿ ವಸ್ತು ಯಾವುದೂ ಇಲ್ಲ. ಗೋಡೆಗೆ ಫೋಮ್ ಅಂಟಿಸಿಲ್ಲ. ನಮ್ಮ ಮಳೆಗಾಲಕ್ಕೆ ಫೋಮ್ ಬೂಸ್ಟು ಹಿಡಿಯುತ್ತದೆ. ಮರದ ಚೌಕಟ್ಟಿನೊಳಗೆ ಶಬ್ದ ಹೀರುವ ರಾಕ್‌ವೂಲ್ (ಕಲ್ಲಿನ ನಾರು) ತುಂಬಿ, ಬಟ್ಟೆ ಹೊದಿಸಿ, ಗೋಡೆಯಿಂದ ಸ್ವಲ್ಪ ಅಂತರ ಬಿಟ್ಟು ತೂಗುಹಾಕಿದ್ದಾರೆ. ಮೈಕನ್ನು ಕೆಲಸ ಮುಗಿದ ಕೂಡಲೇ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡುತ್ತಾರೆ. ಸಮುದ್ರದ ಹತ್ತಿರದ ಊರಿನಲ್ಲಿ ಕಂಡೆನ್ಸರ್ ಮೈಕಿಗೆ ತೇವವೇ ಶತ್ರು.

ರೆಕಾರ್ಡಿಂಗ್ ದಿನ ಅವಳು ಹೆಡ್‌ಫೋನ್ ಹಾಕಿ, ವಾಲ್ಯೂಮ್ ನೋಡಲಿಕ್ಕೆ ಎಂದು ಒಂದು ಸಲ ಹಾಡಿದಳು. ಆಮೇಲೆ ಸರಿಯಾಗಿ ಎಂದು ತುಂಬಾ ಸಲ ಹಾಡಿದಳು. ಮಧ್ಯೆ ಕರೆಂಟ್ ಹೋಯಿತು, ಯುಪಿಎಸ್ ಇದ್ದ ಕಾರಣ ಏನೂ ಹಾಳಾಗಲಿಲ್ಲ. ಕೊನೆಗೆ ಚರಣಕ್ಕೆ ಅವರು ಇಟ್ಟುಕೊಂಡದ್ದು ಆ ಮೊದಲ ಸಲದ್ದನ್ನೇ. ಒಂದು ಕಡೆ ಉಸಿರು ಎಳೆಯುವ ಶಬ್ದ ಕೇಳುತ್ತದೆ, ಒಂದು ಸ್ವರ ಸ್ವಲ್ಪ ಕೆಳಗಿದೆ. ಅವಳು ಇನ್ನೊಮ್ಮೆ ಹಾಡುತ್ತೇನೆ ಎಂದು ಹಟ ಹಿಡಿದಳು.

ಆಗ ಅವರು ಲಿಂಡಾ ಪೆರಿ ಬಗ್ಗೆ ಹೇಳಿದರು. 4 ನಾನ್ ಬ್ಲಾಂಡ್ಸ್ ಎಂಬ ಅಮೆರಿಕದ ಬ್ಯಾಂಡಿನ ಗಾಯಕಿ. 1993ರಲ್ಲಿ ಇವರ ಹಾಡು ಎಲ್ಲ ಕಡೆ ಕೇಳುತ್ತಿತ್ತು. ಆಮೇಲೆ ಬ್ಯಾಂಡ್ ಬಿಟ್ಟು ಬೇರೆಯವರಿಗೆ ಬರೆದು, ಪ್ರೊಡ್ಯೂಸ್ ಮಾಡಲು ಶುರು ಮಾಡಿದರು. 2001ರಲ್ಲಿ ಗಾಯಕಿ ಪಿಂಕ್‌ಗೆ, 2002ರಲ್ಲಿ ಗಾಯಕಿ ಕ್ರಿಸ್ಟಿನಾ ಅಗಿಲೆರಾಗೆ ಇವರು ಮಾಡಿಕೊಟ್ಟ ಹಾಡುಗಳು ಜಗತ್ತಿಗೇ ಗೊತ್ತು. ಅಗಿಲೆರಾ ಮಾದರಿಗೆ ಎಂದು ಮೊದಲ ಸಲ ಹಾಡಿದ್ದನ್ನೇ ಪೆರಿ ಉಳಿಸಿಕೊಂಡರು. ಅಗಿಲೆರಾ ಮತ್ತೆ ಹಾಡುತ್ತೇನೆ ಎಂದರೂ ಒಪ್ಪಲಿಲ್ಲ. ತಪ್ಪಿದ್ದರೂ ಜೀವ ಅದರಲ್ಲೇ ಇತ್ತು ಎಂಬ ಕಾರಣಕ್ಕೆ. ಇದನ್ನು ಕೇಳಿದ ಮೇಲೆ ನಮ್ಮ ಹುಡುಗಿ ಸುಮ್ಮನಾದಳು.

ಅವರು ಜಾಸ್ತಿ ಮಾತಿನವರಲ್ಲ. ಆದರೆ ಸ್ಟೇಜ್ ಬಿಟ್ಟು ಈ ಕಡೆ ಬಂದವರ ವಿಷಯ ಬಂದರೆ ಕಣ್ಣು ಹೊಳೆಯುತ್ತದೆ. ಬಗಲ್ಸ್ ಎಂಬ ಬ್ರಿಟಿಷ್ ಬ್ಯಾಂಡಿನ ಗಾಯಕ ಟ್ರೆವರ್ ಹಾರ್ನ್ ಹೆಸರು ಅವರಿಂದಲೇ ನಾನು ಕೇಳಿದ್ದು. 1981ರ ಆಗಸ್ಟ್ 1ರಂದು ಎಂಟಿವಿ ಶುರುವಾದಾಗ ಮೊಟ್ಟಮೊದಲು ತೋರಿಸಿದ್ದು ಹಾರ್ನ್ ಹಾಡಿದ ಹಾಡು. 1980ರಲ್ಲಿ ಯೆಸ್ ಎಂಬ ದೊಡ್ಡ ಬ್ಯಾಂಡಿಗೂ ಗಾಯಕರಾಗಿ ಹೋಗಿ, ಹಿಂದಿನ ಗಾಯಕ ಹಾಡುತ್ತಿದ್ದ ಎತ್ತರದ ಸ್ವರಗಳನ್ನು ಪ್ರತಿ ರಾತ್ರಿ ಮುಟ್ಟಲು ಕಷ್ಟಪಟ್ಟಿದ್ದರು. ಗಾಯಕನಾಗಿ ನೀನು ಎರಡನೇ ಸಾಲಿನಲ್ಲೇ ಉಳಿಯುತ್ತೀ, ಪ್ರೊಡ್ಯೂಸರ್ ಆದರೆ ಎಲ್ಲರಿಗಿಂತ ಮುಂದೆ ಹೋಗುತ್ತೀ ಎಂದು ಅವರಿಗೆ ಹೇಳಿದ್ದು ಹೆಂಡತಿ ಜಿಲ್ ಸಿಂಕ್ಲೇರ್. ಆಮೇಲೆ ಎಬಿಸಿ, ಫ್ರಾಂಕಿ ಗೋಸ್ ಟು ಹಾಲಿವುಡ್ ಎಂಬ ಬ್ಯಾಂಡುಗಳು, ಗಾಯಕ ಸೀಲ್, ಹೀಗೆ ಅವರ ಕೈಯಲ್ಲಿ ಬೆಳೆದವರ ಪಟ್ಟಿ ದೊಡ್ಡದು. "ಹಾಗೆ ಮುಖಕ್ಕೆ ಹೇಳುವವರು ಎಲ್ಲರಿಗೂ ಸಿಗುವುದಿಲ್ಲ ಟೀಚರ್" ಎಂದರು. ಇವರಿಗೆ ಹೇಳಿದ್ದು ಕೊರೋನಾ. 2020ರಲ್ಲಿ ಕಾರ್ಯಕ್ರಮಗಳೆಲ್ಲ ನಿಂತವು. ಮನೆಯಲ್ಲಿ ಕೂತು ಗೆಳೆಯರ ಹಾಡುಗಳನ್ನು ಸರಿಮಾಡಿ ಕೊಡುತ್ತ ಕೊಡುತ್ತ, ತನಗೆ ಖುಷಿ ಇರುವುದು ಇಲ್ಲೇ ಎಂದು ಗೊತ್ತಾಯಿತಂತೆ.

ಮಂಗಳೂರಿನ ಗುರುಕಿರಣ್ 1998ರಲ್ಲಿ ‘ಎ’ ಚಿತ್ರಕ್ಕೆ ಸಂಗೀತ ಕೊಟ್ಟು ಗೆದ್ದ ಮೇಲೆ ನಮ್ಮ ಕಡೆಯ ಹಾಡುವ ಹುಡುಗರ ಕಣ್ಣು ಬೆಂಗಳೂರಿನ ಮೇಲೇ ಇತ್ತು. ಇವರು ಊರಲ್ಲೇ ಉಳಿದು, ಊರಿನ ಭಾಷೆಗಳ ಹಾಡು ಮಾಡುತ್ತಿದ್ದಾರೆ. ತುಳು, ಕೊಂಕಣಿ, ಬ್ಯಾರಿ, ಎಲ್ಲವೂ ಈ ಎರಡು ಕೋಣೆಯಲ್ಲಿ ಆಗುತ್ತವೆ. ನನಗೆ ಇದು ತುಂಬಾ ದೊಡ್ಡ ಸಂಗತಿ.

ಇನ್ನೊಂದು ವಿಷಯ ಹೇಳಲೇಬೇಕು. ಎರಡನೇ ಚರಣದಲ್ಲಿ ಒಂದು ಗಂಡು ಧ್ವನಿ ಹಿಂದಿನಿಂದ ಬಂದರೆ ಚೆಂದ ಎಂದು ನನಗೆ ಅನಿಸಿತ್ತು. ನೀವೇ ಹಾಡಿ ಎಂದು ಕೇಳಿಯೇಬಿಟ್ಟೆ. ಅವರ ಧ್ವನಿ ಇದ್ದರೆ ಹಾಡು ನಾಲ್ಕು ಜನರಿಗೆ ಬೇಗ ಮುಟ್ಟುತ್ತದೆ ಎಂಬ ಆಸೆಯೂ ಇತ್ತು. ಅವರು ಒಪ್ಪಲಿಲ್ಲ. "ನಾನು ಎರಡು ಸಾಲು ಹಾಡಿದರೆ ಜನ ನನ್ನನ್ನು ಕೇಳುತ್ತಾರೆ. ಇದು ಅವಳ ಮೊದಲ ಹಾಡು" ಎಂದರು. ಆ ಜಾಗಕ್ಕೆ ಹುಡುಗಿಯ ಧ್ವನಿಯನ್ನೇ ಕೆಳಗಿನ ಸ್ಥಾಯಿಯಲ್ಲಿ ಮತ್ತೊಮ್ಮೆ ಹಾಡಿಸಿ ಸೇರಿಸಿದರು. ಈಗ ಹಾಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದೇ ಭಾಗ.

ದರ: ವಾದ್ಯ ಸಂಯೋಜನೆ, ರೆಕಾರ್ಡಿಂಗ್, ಮಿಕ್ಸಿಂಗ್ (ಧ್ವನಿ, ವಾದ್ಯ ಹದವಾಗಿ ಸೇರಿಸುವುದು), ಮಾಸ್ಟರಿಂಗ್ (ಹಾಡಿಗೆ ಕೊನೆಯ ಹದ ಕೊಡುವುದು) ಎಲ್ಲ ಸೇರಿ ಒಂದು ಹಾಡಿಗೆ 18,000 ರೂಪಾಯಿ. ಅರ್ಧ ಮುಂಗಡ. ಎಷ್ಟು ಹೊತ್ತು ಹಾಡಿದರೂ ಅಷ್ಟೇ. ಕೊಳಲು ನಿಜವಾದ ಕಲಾವಿದರಿಂದ ಬೇಕಾದರೆ ಅವರ ಸಂಭಾವನೆ ಬೇರೆ. ನಾವು ಉಳಿತಾಯಕ್ಕೆಂದು ಕೀಬೋರ್ಡಿನ ಕೊಳಲನ್ನೇ ಒಪ್ಪಿದೆವು, ಅದು ಅಷ್ಟು ಸಹಜವಾಗಿ ಕೇಳುವುದಿಲ್ಲ. ಫೈಲನ್ನು 24 ಬಿಟ್ ವೇವ್‌ನಲ್ಲಿ, ಅಂದರೆ ಗುಣಮಟ್ಟ ಇಳಿಸದೆ ಕೊಡುತ್ತಾರೆ. ಧ್ವನಿ, ತಾಳ, ಉಳಿದ ವಾದ್ಯ ಬೇರೆ ಬೇರೆ ಫೈಲಾಗಿಯೂ ಸಿಗುತ್ತವೆ. ಜೋರಾಗಿ ಕೇಳಬೇಕು ಎಂದು ಮಾಸ್ಟರ್ (ಹಾಡಿನ ಅಂತಿಮ ರೆಕಾರ್ಡಿಂಗ್) ಒತ್ತಿಹಿಂಡುವುದಿಲ್ಲ. ಸ್ಪಾಟಿಫೈ ಹೇಗೂ ಎಲ್ಲ ಹಾಡುಗಳನ್ನೂ ಒಂದೇ ಜೋರಿಗೆ, ಮೈನಸ್ 14 ಎಲ್‌ಯುಎಫ್‌ಎಸ್ (ಶಬ್ದದ ಜೋರು ಅಳೆಯುವ ಮಾಪ) ಹತ್ತಿರಕ್ಕೆ ತರುತ್ತದೆ.

ಕಾಗದಪತ್ರದಲ್ಲೂ ನೇರ ಮನುಷ್ಯ. ಒಂದು ಪುಟದ ಒಪ್ಪಂದ. ಮಾಸ್ಟರ್ ನಮ್ಮದು, ಅವರದ್ದು ಸಂಭಾವನೆ ಮಾತ್ರ. 2012ರ ಕಾಪಿರೈಟ್ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರೂ ರಾಗ ಹಾಕಿದವರೂ ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ ಎಂಬುದನ್ನು ನನಗೆ ಬಿಡಿಸಿ ಹೇಳಿದ್ದು ಇವರೇ. ಬರೆಯುವ ಹೆಂಗಸರಿಗೆ ಇದನ್ನು ಯಾರು ಹೇಳುತ್ತಾರೆ, ಅಲ್ವಾ?

ಕೊರತೆಯೂ ಉಂಟು. ಹೇಳಿದ ದಿನಕ್ಕೆ ಹಾಡು ಕೈಗೆ ಬರಲಿಲ್ಲ, ಒಂದು ತಿಂಗಳಿಗಿಂತ ಜಾಸ್ತಿ ತಡವಾಯಿತು. ಮಧ್ಯೆ ಫೋನ್ ಎತ್ತುವುದಿಲ್ಲ, ಮೆಸೇಜಿಗೆ ರಾತ್ರಿ ಉತ್ತರ ಬರುತ್ತದೆ. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ. ಕಾರು ನಿಲ್ಲಿಸಲು ಜಾಗವಿಲ್ಲ. ಮದುವೆಗೆ, ಚುನಾವಣೆಗೆ ಎರಡು ದಿನದಲ್ಲಿ ಹಾಡು ಬೇಕು ಎನ್ನುವವರು ಇಲ್ಲಿಗೆ ಹೋಗಬೇಡಿ.

ಉಡುಪಿಯಿಂದ ಬರುವವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೊಟ್ಟಾರ ಚೌಕಿಯಲ್ಲಿ ಇಳಿದರೆ ರಿಕ್ಷಾ ಸಿಗುತ್ತದೆ. ಮಂಗಳೂರಿನ ಕೀಬೋರ್ಡ್ ನುಡಿಸುವವರನ್ನು ಕೇಳಿ, ನಂಬರ್ ಕೊಡುತ್ತಾರೆ. ಜೂನ್, ಜುಲೈಯಲ್ಲಿ ಬೇಡ. ತಾರಸಿಯ ಮೇಲೆ ಶೀಟ್ ಹಾಕಿದ್ದಾರೆ, ಮಳೆ ಜೋರಾದರೆ ಮೈಕ್ ಬಂದ್. ಹೋಗುವ ಮೊದಲು ಹಾಡನ್ನು ಮೊಬೈಲಿನಲ್ಲಿ ಬರೀ ಬಾಯಲ್ಲಿ ಹಾಡಿ ವಾಟ್ಸಾಪ್ ಮಾಡಿ. ಕರೋಕೆ ಸೇರಿಸಿ ಕಳಿಸಬೇಡಿ, ಅವರಿಗೆ ಮೊದಲು ಬೇಕಾಗಿರುವುದು ಹಾಡುವವರ ಧ್ವನಿ.