ಮೂರು ಕಿರುಚಿತ್ರಗಳು: ಕನ್ನಡ ಉಪಶೀರ್ಷಿಕೆ ಹಾಕಿ ತೋರಿಸಲು ಯಾವುದು ಹೇಗೆ?

ಆಫ್ರಿಕಾ ಮೂಲದವರ ವಲಸೆಯ ಬದುಕನ್ನು ಕುರಿತ ಮೂರು ಕಿರುಚಿತ್ರಗಳನ್ನು ಕನ್ನಡ ಉಪಶೀರ್ಷಿಕೆಯೊಂದಿಗೆ ಪರೀಕ್ಷಿಸಿದೆವು. ಮೂರೂ ಸೇರಿದರೆ ಸುಮಾರು 67 ನಿಮಿಷ. (ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರು ಬಂದ ಹಿಂದೂ ಮಹಾಸಾಗರದ ದಾರಿ ಇವುಗಳಲ್ಲಿ ಇಲ್ಲ. ಆ ಕೊರತೆ ಕಾಡುತ್ತದೆ.)

ಮೊದಲ ಸಲ ನೋಡುವವರಿಗೆ ‘ಜೆಮೈಮಾ + ಜಾನಿ’ಯೇ ಸರಿ. ದಕ್ಷಿಣ ಆಫ್ರಿಕಾ ತೊರೆದು ಬಂದ ಲಯನೆಲ್ ಎನ್‌ಗಕಾನೆ 1966ರಲ್ಲಿ ತೆಗೆದ 30 ನಿಮಿಷದ ಕಪ್ಪುಬಿಳುಪು ಚಿತ್ರ. 1958ರಲ್ಲಿ ವರ್ಣದ್ವೇಷದ ಗಲಭೆ ಕಂಡ ಲಂಡನ್ನಿನ ನಾಟಿಂಗ್ ಹಿಲ್ ಬೀದಿಗಳಲ್ಲಿ ಒಬ್ಬ ಕಪ್ಪು ಹುಡುಗಿ, ಒಬ್ಬ ಬಿಳಿ ಹುಡುಗ ಸುತ್ತಾಡುತ್ತಾರೆ. ಮಾತು ಕಡಿಮೆ, ಹಾಗಾಗಿ ಉಪಶೀರ್ಷಿಕೆಯ ಕೆಲಸ ಒಂದೇ ಸಂಜೆಯಲ್ಲಿ ಮುಗಿಯುತ್ತದೆ.

ಹೆಚ್ಚು ಬೆವರಿಳಿಸುವುದು 1955ರ ‘ಆಫ್ರಿಕ್ ಸ್ಯೂರ್ ಸೆನ್’ (ಸೆನ್ ನದಿಯ ಮೇಲೆ ಆಫ್ರಿಕಾ). ಆಫ್ರಿಕಾದಲ್ಲಿ ಚಿತ್ರೀಕರಣಕ್ಕೆ ಫ್ರೆಂಚ್ ಆಡಳಿತ ಅನುಮತಿ ಕೊಡದಿದ್ದಾಗ ನಿರ್ದೇಶಕರಾದ ಪೋಲಾಂ ವಿಯೇರಾ, ಮಮದು ಸಾರ್ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲೇ ಆಫ್ರಿಕಾವನ್ನು ಹುಡುಕಿದರು. 21 ನಿಮಿಷವೂ ಕಾವ್ಯದಂಥ ಫ್ರೆಂಚ್ ನಿರೂಪಣೆಯದೇ ರಾಜ್ಯ. ಅದನ್ನು ಪದಕ್ಕೆ ಪದ ಕನ್ನಡಿಸಿದರೆ ನೋಡುಗರ ಕಣ್ಣು ಪರದೆಯ ಬುಡದಲ್ಲೇ ಸಿಕ್ಕಿಕೊಳ್ಳುತ್ತದೆ, ಬೀದಿಯ ಮುಖಗಳು ತಪ್ಪಿಹೋಗುತ್ತವೆ. ಮೂರು ವಾಕ್ಯವನ್ನು ಒಂದಕ್ಕೆ ಇಳಿಸಿ. ಎರಡೇ ಸಾಲು, ಕನಿಷ್ಠ ಮೂರು ಸೆಕೆಂಡ್ ನಿಲ್ಲಲಿ. ಉಪಶೀರ್ಷಿಕೆಯ ಸಾಲುಗಳಿರುವ ಎಸ್‌ಆರ್‌ಟಿ ಕಡತವನ್ನು, ಕನ್ನಡ ಲಿಪಿಯನ್ನೂ ಹಿಡಿದಿಡುವ ಯುಟಿಎಫ್‌-8 ಸಂಕೇತದಲ್ಲೇ ಉಳಿಸಿ. ಆದರೂ ಪೆನ್‌ಡ್ರೈವ್ ಹಾಕಿದ ಎಷ್ಟೋ ಟಿವಿಗಳಲ್ಲಿ ಒತ್ತಕ್ಷರ ಒಡೆದು ‘ಕ್ಕ’ ಎಂಬುದು ‘ಕ್‌ಕ’ ಆಗುತ್ತದೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಚೌಕಗಳಿಗೆ ಟಿವಿಯೊಳಗೆ ಕನ್ನಡ ಫಾಂಟ್ ಇಲ್ಲದಿರುವುದು ಕಾರಣ, ಒತ್ತು ಒಡೆಯಲು ಕನ್ನಡ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಅದರಲ್ಲಿ ಇಲ್ಲದಿರುವುದು. ಅಕ್ಷರಗಳನ್ನು ವಿಡಿಯೊದಲ್ಲೇ ಅಚ್ಚೊತ್ತಿದರೆ ಆ ತಲೆನೋವು ಇರುವುದಿಲ್ಲ.

ಮೂರರಲ್ಲಿ ನಮ್ಮ ಮನಸ್ಸು ಗೆದ್ದದ್ದು ಮಾತಿ ದಿಯೋಪ್ ಅವರ 2009ರ ‘ಅಟ್ಲಾಂಟಿಕ್ಸ್’, 16 ನಿಮಿಷ. ವಿಯೇರಾ ಚಿತ್ರದಲ್ಲಿ ವಲಸಿಗರ ಪರವಾಗಿ ಬೇರೊಂದು ದನಿ ಮಾತಾಡುತ್ತದೆ. ಇಲ್ಲಿ ಸೆನೆಗಲ್ ದೇಶದ ಡಾಕರ್‌ನ ಕಡಲತಡಿಯಲ್ಲಿ, ಬೆಂಕಿಯ ಸುತ್ತ ಕುಳಿತ ಗೆಳೆಯರಿಗೆ, ದೋಣಿಯಲ್ಲಿ ಸಮುದ್ರ ದಾಟಲು ಹೊರಟಿದ್ದ ಸೆರೀಞ್ ಎಂಬ ಯುವಕನೇ ತನ್ನ ಪಯಣ ಹೇಳಿಕೊಳ್ಳುತ್ತಾನೆ. ಮುಖಗಳಿಗೆ ಬೀಳುವುದು ಬೆಂಕಿಯ ಮಂದ ಬೆಳಕು. ಅಗ್ಗದ ಪ್ರೊಜೆಕ್ಟರ್ ಆ ಕತ್ತಲನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಒಳ್ಳೆಯ ಟಿವಿಯೇ ವಾಸಿ. ಉಪಶೀರ್ಷಿಕೆ ಅಚ್ಚ ಬಿಳಿಯಾದರೆ ಕಣ್ಣಿಗೆ ಚುಚ್ಚುತ್ತದೆ, ತಿಳಿ ಬೂದು ಬಣ್ಣ ಕೊಡಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಅಲೆಗಳ ಮೊರೆತ ತೆಳುವಾಗುತ್ತದೆ, ಹೊರಗಿನ ಸ್ಪೀಕರ್ ಜೋಡಿಸಿ. ಇದನ್ನೇ ಕೊನೆಗೆ ಇಟ್ಟುಕೊಳ್ಳಿ, ಚಿತ್ರದ ಕೊನೆಗೆ ಕಡಲತಡಿಯ ದೀಪಸ್ತಂಭದ (ಲೈಟ್‌ಹೌಸ್) ಗಾಜು ತಿರುಗುತ್ತಿರುವಾಗ ಯಾರೂ ಎದ್ದು ಕೋಣೆಯ ದೀಪ ಹಾಕದಂತೆ ಮೊದಲೇ ಹೇಳಿಡಿ.