ಪಂಚತಂತ್ರ, ಇ-ಸ್ವತ್ತು: ಒಂದು ಪೂರ್ಣ ಅವಧಿ ಬಳಸಿದ ಮೇಲೆ

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಹಾನಗಲ್ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಸದಸ್ಯೆಯಾದೆ. ಮೊದಲ 30 ತಿಂಗಳು ಅಧ್ಯಕ್ಷೆಯೂ ಆಗಿದ್ದೆ. ದೊಡ್ಡ ಸಂತೆಯಾಗಲಿ ಕಾರ್ಖಾನೆಯಾಗಲಿ ಇಲ್ಲದ ಬಡ ಪಂಚಾಯಿತಿ ನಮ್ಮದು. ಮನೆ ಕಂದಾಯ, ನೀರಿನ ಕರ ಬಂದರೆ ಮಾತ್ರ ಬೀದಿದೀಪ, ಪಂಪಿನ ರಿಪೇರಿ.

ಪಂಚಾಯಿತಿಯ ಲೆಕ್ಕ, ಕಂದಾಯ ನೋಡಿಕೊಳ್ಳುವ ಪಂಚತಂತ್ರ ತಂತ್ರಾಂಶದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಮೊದಲು ಅದು ದಪ್ಪ ವಹಿಯಾಗಿ ಚೀಲದಲ್ಲಿ ಊರೂರು ಸುತ್ತುತ್ತಿತ್ತು. ಯಾರ ಬಾಕಿ ಎಷ್ಟು ಎಂದರೆ ‘ನೋಡಿ ಹೇಳುತ್ತೇನೆ’ ಎಂಬ ಉತ್ತರ. ನಾನು ಅದನ್ನು ವಾರ್ಡ್‌ವಾರು ಮುದ್ರಿಸಿ ಸಾಮಾನ್ಯ ಸಭೆಯಲ್ಲಿ ಓದಿಸಿದೆ. ಹೆಚ್ಚು ಬಾಕಿ ಇದ್ದದ್ದು ಬಡವರ ಓಣಿಯಲ್ಲಲ್ಲ, ಊರ ಮುಂದಿನ ಅಂಗಡಿ ಸಾಲಿನಲ್ಲಿ! ಸಭೆ ಎರಡು ತಾಸು ಎಳೆಯಿತು. ಆ ಸಾಲಿನಿಂದ ಬಂದ ಹಣದಲ್ಲೇ ಸುಟ್ಟಿದ್ದ ಮೋಟರಿಗೆ ವೈಂಡಿಂಗ್ ಮಾಡಿಸಿದೆವು, ಅನುದಾನಕ್ಕೆ ಕಾಯಲಿಲ್ಲ. ಆದರೆ ವಹಿಯ ತಪ್ಪುಗಳೂ ಕಂಪ್ಯೂಟರ್ ಏರಿ ಕುಳಿತಿದ್ದವು. 2019ರ ನೆರೆಗೆ ಬಿದ್ದ ಮನೆಗಳಿಗೂ ಕಂದಾಯ ಬೇಡಿಕೆ ಹೋಗುತ್ತಿತ್ತು. ಓಣಿ ಓಣಿ ತಿರುಗಿ ಅವನ್ನು ತೆಗೆಸಬೇಕಾಯಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಊರಿನ ಆಸ್ತಿಗೆ ದಾಖಲೆ ಕೊಡುವ ಇ-ಸ್ವತ್ತು ತಂತ್ರಾಂಶಕ್ಕೆ ಮೂರು. ಅದರಿಂದ ಸಿಗುವ ಉತಾರ (ಆಸ್ತಿಯ ದಾಖಲೆ ಪತ್ರ) ಇಲ್ಲದೆ ಊರಿನ ಮನೆ, ನಿವೇಶನದ ನೋಂದಣಿ ಆಗುವುದಿಲ್ಲ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಅದರಿಂದ ಕಡಿವಾಣ ಬಿದ್ದಿದೆ. ತೊಂದರೆ ಬರುವುದು ತಪ್ಪು ಅಂಕಿ ನುಸುಳಿದಾಗ. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಮಗಳ ಓದಿಗಾಗಿ ಮನೆಯ ಮೇಲೆ ಸಾಲ ಕೇಳಿದ್ದರು. ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ ಇರಬೇಕಾದದ್ದು ಉತಾರದಲ್ಲಿ ಅದಲು ಬದಲಾಗಿತ್ತು. ಟೇಪಿನ ಒಂದು ತುದಿಯನ್ನು ನಾನೇ ಹಿಡಿದು ಅಳೆಸಿದೆ. ಡಿಜಿಟಲ್ ಸಹಿ ಬಿದ್ದಾಗಿತ್ತು. ಮತ್ತೆ ಅರ್ಜಿ, ಮತ್ತೆ ಸ್ಥಳ ಪರಿಶೀಲನೆ. ತಿದ್ದುಪಡಿಗೆ ನಾಲ್ಕು ತಿಂಗಳು ಹಿಡಿಯಿತು, ಆ ವರ್ಷದ ಕಾಲೇಜು ಪ್ರವೇಶ ತಪ್ಪಿತು. ಇಂದಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅರ್ಜಿ ಹಾಕುವವರು ಸಹಿಗೆ ಮುಂಚೆಯೇ ಕರಡು ಕೇಳಿ ಪಡೆದು, ಅಳತೆಯನ್ನೂ ಚಕ್ಕುಬಂದಿಯನ್ನೂ ಗಟ್ಟಿಯಾಗಿ ಓದಿಸಿಕೊಳ್ಳಿ.

ಮಳೆಗಾಲದಲ್ಲಿ ಇಂಟರ್ನೆಟ್ ತಂತಿ ತುಂಡಾದರೆ ಎಲ್ಲವೂ ನಿಲ್ಲುತ್ತದೆ. ಎಷ್ಟೋ ದಿನ ಯಾರದೋ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಕೆಲಸ ಮುಗಿಸಿದ್ದೇವೆ.

ಇನ್ನು ಹಣ ಪಾವತಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಧ್ಯಕ್ಷೆ ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಹಾಕಲು ಬೇಕಾದ, ಪೆನ್‌ಡ್ರೈವ್‌ನಷ್ಟು ಚಿಕ್ಕ ಕೀ ಬಂದ ವಾರವೇ ಕಚೇರಿಯವರು ‘ಮೇಡಂ, ನಿಮಗೇಕೆ ತೊಂದರೆ, ಕಚೇರಿಯಲ್ಲೇ ಇರಲಿ’ ಎಂದರು. ಕೊಡಲಿಲ್ಲ. ಮನೆಯ ಬೀಗದ ಕೈ ಗೊಂಚಲಿಗೇ ಸೇರಿಸಿಕೊಂಡೆ. ಪಿಯುಸಿ ಓದುತ್ತಿದ್ದ ಮಗಳು ಸಂಜೆ ಹೊತ್ತು ಬಿಲ್ಲು ತೆರೆದು ನೋಡುವುದನ್ನು ಕಲಿಸಿದಳು. ಒಮ್ಮೆ ಕಲ್ಲೇ ಬೀಳದ ಚರಂಡಿಗೆ ಬಿಲ್ಲು ಬಂದಿತ್ತು. ಸ್ಥಳಕ್ಕೆ ಹೋಗಿ ನೋಡಿ ಬಂದು, ತಡೆಹಿಡಿದೆ. ಕೀ ಬೇರೆಯವರ ಕಪಾಟಿನಲ್ಲಿದ್ದಿದ್ದರೆ ಆ ಬಿಲ್ಲು ನನ್ನ ಹೆಸರಿನಲ್ಲೇ ಪಾಸಾಗಿರುತ್ತಿತ್ತು.

ನನ್ನ ನಂತರದ ಅಧ್ಯಕ್ಷೆ ತಮ್ಮ ಕೀ ಕೈಗೆ ಬಂದ ದಿನವೇ ನಮ್ಮ ಮನೆಗೆ ಬಂದರು. ಇಬ್ಬರೂ ಪಡಸಾಲೆಯಲ್ಲಿ ಕುಳಿತು ಮೊದಲ ಬಿಲ್ಲು ತೆರೆದೆವು.